ಮಗುವಿನ ಅರ್ಧ ಮಾತಷ್ಟೇ ಕೈಯಲ್ಲಿರುವಾಗ ದೂರು ಕೊಡಬಹುದೇ?

ಪ್ರಶ್ನೆ: ಪುಣೆಯ ಸ್ವಯಂಸೇವಕಿ

ಎಲ್ಲರಿಗೂ ನಮಸ್ಕಾರ. ಪುಣೆಯ ಪಶ್ಚಿಮದ ಅಂಚಿನಲ್ಲಿ ಕಟ್ಟಡ ಕಾಮಗಾರಿಯೊಂದರ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ಕಲಬುರಗಿ ಕಡೆಯ ಕೂಲಿ ಕುಟುಂಬಗಳು ವಾಸವಾಗಿವೆ. ಅಲ್ಲಿಯ ಮಕ್ಕಳಿಗೆ ನಮ್ಮ ಕನ್ನಡ ಬಳಗದವರು ಭಾನುವಾರಗಳಂದು ಓದು ಬರಹ ಕಲಿಸುತ್ತೇವೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ. ಪಾಠಕ್ಕೆ ಬರುವ ಪುಟ್ಟ ಹುಡುಗಿಯೊಬ್ಬಳು ಕೆಲವು ವಾರಗಳಿಂದ ಮಂಕಾಗಿದ್ದಳು. ಮೊನ್ನೆ ತಾನಾಗಿಯೇ ನನ್ನ ಬಳಿ ಬಂದು, "ನಾ ಅಂವನ ಖೋಲಿಗಿ ಹೋಗಂಗಿಲ್ರಿ, ಯಾರಿಗೂ ಹೇಳಬ್ಯಾಡ ಅಂದಾನ" ಎಂದಳು. ಅವಳು ಹೇಳಿದ್ದು ಕಾಮಗಾರಿಯಲ್ಲಿ ಮೇಲ್ವಿಚಾರಣೆ ಮಾಡುವ ಒಬ್ಬನ ಬಗ್ಗೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಬಳಗದ ಹಿರಿಯರೊಬ್ಬರು, ಖಚಿತವಾಗದೆ ಒಬ್ಬನ ಮೇಲೆ ಆರೋಪ ಹೊರಿಸುವುದು ತಪ್ಪು, ಮೊದಲು ನಾವೇ ವಿಚಾರಿಸೋಣ ಎನ್ನುತ್ತಾರೆ. ತಂದೆತಾಯಿ ಗುತ್ತಿಗೆದಾರನಿಂದ ಮುಂಗಡ ಪಡೆದು ಬಂದವರು, ಕೆಲಸ ಹೋದೀತೆಂಬ ಭಯ ಅವರಿಗಿದೆ. ಮಗುವಿಗೆ ಮರಾಠಿಯಾಗಲಿ ಹಿಂದಿಯಾಗಲಿ ಬರುವುದಿಲ್ಲ. ಸಂಬಂಧಿಕಳಲ್ಲದ ನಾನು ದೂರು ಕೊಡಬಹುದೇ? ಕೊಟ್ಟರೆ ಮಗುವನ್ನು ತಾಯಿಯಿಂದ ಬೇರ್ಪಡಿಸಿ ಯಾವುದಾದರೂ ಬಾಲಗೃಹಕ್ಕೆ ಕಳುಹಿಸುವರೇ? ಪೊಲೀಸರ ಮುಂದೆ ಅವಳು ಯಾವ ಭಾಷೆಯಲ್ಲಿ ಮಾತನಾಡಬೇಕು? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಮಾಟುಂಗದ ವಕೀಲ

ಸಹೋದರಿ, ತಾವು ಒತ್ತಾಯಿಸದೇ ಇದ್ದದ್ದು ಬಹಳ ಒಳ್ಳೆಯದಾಯಿತು. ತಾವೇ ವಿಚಾರಿಸಿ ನೋಡುವ ಸಲಹೆಯನ್ನು ಮಾತ್ರ ಒಪ್ಪಬೇಡಿ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸಲೆಂದು ಬಂದ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಇಂಥ ಅಪರಾಧ ನಡೆದಿರುವುದು ತಿಳಿದುಬಂದ ಅಥವಾ ನಡೆಯಬಹುದೆಂಬ ಆತಂಕವಿರುವ ಯಾವುದೇ ವ್ಯಕ್ತಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಸಂಬಂಧಿಕರೇ ಆಗಿರಬೇಕೆಂದಿಲ್ಲ, ಪುರಾವೆ ಒದಗಿಸುವ ಹೊಣೆಯೂ ತಮ್ಮದಲ್ಲ. ತಿಳಿಸದೆ ಸುಮ್ಮನಿದ್ದರೆ 21ನೇ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೂ ಸೆರೆವಾಸವಾಗಬಹುದು. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲವೆಂದು ಅದೇ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಖಚಿತಪಡಿಸಿಕೊಳ್ಳುವುದು ತನಿಖೆಯ ಕೆಲಸ. ಹಿರಿಯರು ಸೇರಿ ಆ ವ್ಯಕ್ತಿಯನ್ನು ಕರೆದು ಕೇಳಿದರೆ ಅವನಿಗೆ ಎಚ್ಚರಿಕೆ ಕೊಟ್ಟಂತಾಗುತ್ತದೆ ಮತ್ತು ಅದರ ಪರಿಣಾಮವನ್ನು ಆ ರಾತ್ರಿಯೇ ಮಗು ಅನುಭವಿಸಬೇಕಾದೀತು.

ಠಾಣೆಗೆ ಹೋಗಲು ಅಳುಕಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 1996ರಲ್ಲಿ ನಮ್ಮ ಮುಂಬಯಿಯಲ್ಲೇ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ, ಬೀದಿಯ ಮಕ್ಕಳಿಗಾಗಿ ಆರಂಭವಾದ ಈ ಸೇವೆಯನ್ನು ಈಗ ಸರ್ಕಾರವೇ ನಡೆಸುತ್ತಿದೆ. ಅಪಾಯ ತಕ್ಷಣದ್ದಾಗಿದ್ದರೆ 112.

ಬೇರ್ಪಡಿಸುವ ಭಯದ ಬಗ್ಗೆ ತಾಯಿಗೆ ಸಾವಧಾನವಾಗಿ ತಿಳಿಸಿ ಹೇಳಿ. ಪೊಲೀಸರು 24 ಗಂಟೆಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು, ನಿಜ. ಆದರೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕಾಗುವುದು ಮುಖ್ಯವಾಗಿ ಆರೋಪಿಯು ಅದೇ ಮನೆಯವನಾಗಿದ್ದಾಗ, ಅಥವಾ ಮಗುವಿಗೆ ಮನೆಯೂ ಪೋಷಕರ ಆಸರೆಯೂ ಇಲ್ಲದಿದ್ದಾಗ. ಇಲ್ಲಿ ಆರೋಪಿ ಹೊರಗಿನವನು, ತಾಯಿ ಜೊತೆಯಲ್ಲಿದ್ದಾಳೆ. ಆದ್ದರಿಂದ ತಾಯಿಯ ಮಡಿಲೇ ಅವಳಿಗೆ ಸರಿಯಾದ ಸ್ಥಳವೆಂಬುದನ್ನು ಸಮಿತಿಗೆ ಮನವರಿಕೆ ಮಾಡಿಕೊಡುವುದು ಕಷ್ಟವಾಗಲಾರದು.

ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅವಳು ಬಯಸಿದ ಸ್ಥಳದಲ್ಲಿ, ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ದಾಖಲಿಸಬೇಕು. ಆ ಹೊತ್ತಿನಲ್ಲಿ ತಾಯಿತಂದೆ ಅಥವಾ ಮಗು ನಂಬುವ ಒಬ್ಬರು ಪಕ್ಕದಲ್ಲಿರಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ತಗಡಿನ ಶೆಡ್ಡು ಆರೋಪಿಯ ಕಣ್ಣಳತೆಯಲ್ಲೇ ಇದ್ದರೆ ಬೇರೆ ಸ್ಥಳವನ್ನು ತಾವೇ ಸೂಚಿಸಿ.

ಭಾಷೆಯ ವಿಷಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ದಾಖಲಾತಿ ನಡೆಯುವುದಾದರೆ ದುಭಾಷಿಯನ್ನು ಒದಗಿಸಬೇಕೆಂದು ಕಾಯ್ದೆಯೇ ವಿಧಿಸುತ್ತದೆ. ದುಭಾಷಿಗಳ ಪಟ್ಟಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಟ್ಟುಕೊಂಡಿರಬೇಕೆಂದು 2020ರ ನಿಯಮಗಳಲ್ಲಿದೆ. ತಾವೇ ದುಭಾಷಿಯಾಗಲು ಮಾತ್ರ ಹೋಗಬೇಡಿ. ಮಗು ಮೊದಲು ಹೇಳಿದ್ದು ತಮ್ಮೆದುರು, ಹಾಗಾಗಿ ತಾವು ಈ ಪ್ರಕರಣದಲ್ಲಿ ಸಾಕ್ಷಿ. ಸಾಕ್ಷಿಯೇ ಮಗುವಿನ ಮಾತನ್ನು ಮರಾಠಿಗೆ ತಂದರೆ, ಆ ಮಾತುಗಳು ಮಗುವಿನವಲ್ಲ ಎಂದು ಮುಂದೆ ಎದುರು ಪಕ್ಷದ ವಕೀಲರು ವಾದಿಸುವುದು ಖಂಡಿತ.

ಉತ್ತರ: ಪಾಲಿಕೆಯ ಕನ್ನಡ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯ, ಮುಂಬಯಿ

ವಕೀಲರು ಹೇಳಿದ್ದಕ್ಕೆ ಶಿಕ್ಷಕನಾಗಿ ನಾನು ಸೇರಿಸಬೇಕಾದದ್ದು ಸ್ವಲ್ಪವೇ. ತಾಯಿ ಕೇಳಿ, ಚಿಕ್ಕಮ್ಮ ಕೇಳಿ, ಬಳಗದವರು ಕೇಳಿ, ಆಮೇಲೆ ಪೊಲೀಸರು ಕೇಳಿದರೆ ಮಗು ಒಂದೋ ಬಾಯಿ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಕೇಳಿದವರಿಗೆ ಬೇಕಾದ ಉತ್ತರವನ್ನು ಕೊಡತೊಡಗುತ್ತದೆ. ತಾವು ಕೇಳಿಸಿಕೊಂಡ ವಾಕ್ಯವನ್ನು ಅವಳ ಮಾತಿನಲ್ಲೇ, ಗ್ರಾಂಥಿಕ ಕನ್ನಡಕ್ಕೆ ತಿದ್ದದೆ, ದಿನಾಂಕ ಮತ್ತು ಸಮಯದೊಂದಿಗೆ ಇಂದೇ ಬರೆದಿಡಿ. "ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ" ಎಂಬಷ್ಟನ್ನು ಅವಳಿಗೆ ಹೇಳಿದರೆ ಸಾಕು. ಯಾರಿಗೂ ಹೇಳುವುದಿಲ್ಲವೆಂದು ಭಾಷೆ ಕೊಡಬೇಡಿ, ಏಕೆಂದರೆ ತಮಗೆ ಅದನ್ನು ಉಳಿಸಿಕೊಳ್ಳಲಾಗುವುದಿಲ್ಲ.

ಮೊದಲು ನಾವೇ ವಿಚಾರಿಸೋಣ ಎನ್ನುವ ಹಿರಿಯರಿಗೆ 2024ರ ಆಗಸ್ಟ್ ತಿಂಗಳಲ್ಲಿ ಮುಂಬಯಿ ಬಳಿಯ ಬದಲಾಪುರದಲ್ಲಿ ನಡೆದದ್ದನ್ನು ನೆನಪಿಸಿ. ಶಾಲೆಯಲ್ಲೇ ಇಬ್ಬರು ಪುಟ್ಟ ಬಾಲಕಿಯರಿಗೆ ಅನ್ಯಾಯವಾಗಿತ್ತು. ದೂರು ದಾಖಲಾಗುವುದು ತಡವಾದದ್ದಕ್ಕೆ ರೊಚ್ಚಿಗೆದ್ದ ಜನ ರೈಲು ಹಳಿಗಳ ಮೇಲೆ ಕುಳಿತರು, ಮುಂಬಯಿ ಹೈಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಮಾಹಿತಿ ನೀಡದ ಶಾಲೆಯ ಆಡಳಿತದವರ ಮೇಲೂ ಪೋಕ್ಸೊ ಅಡಿಯಲ್ಲಿ ಪ್ರಕರಣ ದಾಖಲಾಯಿತು.

ಇನ್ನೊಂದು ಮಾತು. ತಮ್ಮ ಬಳಗವೂ ಮಕ್ಕಳೊಂದಿಗೆ ನಿತ್ಯ ಸಂಪರ್ಕವಿರುವ ಸಂಸ್ಥೆಯೇ ಅಲ್ಲವೇ? ಅಂಥ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕೆಂಬ ನಿಯಮವಿದೆ. ಯಕ್ಷಗಾನ ತರಗತಿ, ಭಜನಾ ಮಂಡಳಿ, ಬೇಸಿಗೆ ಶಿಬಿರ ನಡೆಸುವ ನಮ್ಮ ಸಂಘಗಳಲ್ಲಿ ಈ ಮಾತೆತ್ತಿದರೆ, ನಮ್ಮವರ ಮೇಲೆಯೇ ಅನುಮಾನವೇ ಎಂದು ಬೇಸರಿಸುವವರಿದ್ದಾರೆ. ಬೇಸರವಾದರೂ ಚಿಂತೆಯಿಲ್ಲ, ಮಾಡಿಸಲೇಬೇಕು.

ಉತ್ತರ: ವಾಸ್ಕೋದ ಅಂಗನವಾಡಿ ಶಿಕ್ಷಕಿ

ಅಕ್ಕಾ, ಗೋವಾದಲ್ಲೂ ನಮ್ಮ ಉತ್ತರ ಕರ್ನಾಟಕದ ಕೂಲಿಕಾರರ ಮಕ್ಕಳ ಸ್ಥಿತಿ ಇದೇ ಆಗಿದೆ. ಮಡಗಾಂವಿನಲ್ಲಿ ಅನಾಥಾಲಯದ ಹೆಸರಿನಲ್ಲಿ ಮಕ್ಕಳನ್ನು ಶೋಷಿಸುತ್ತಿದ್ದ ವಿದೇಶಿಯೊಬ್ಬ 1991ರಲ್ಲಿ ಸಿಕ್ಕಿಬಿದ್ದ ಮೇಲೆ ಇಲ್ಲಿ ಜನ ಎಚ್ಚೆತ್ತರು. ಪೋಕ್ಸೊ ಬರುವುದಕ್ಕಿಂತ ಬಹಳ ಮೊದಲೇ, 2003ರಲ್ಲಿ, ಗೋವಾ ತನ್ನದೇ ಆದ ಮಕ್ಕಳ ಕಾಯ್ದೆಯನ್ನು ಮಾಡಿ ಮಕ್ಕಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯವನ್ನು ಸ್ಥಾಪಿಸಿತು. ಕುಟುಂಬದವರಾಗಲಿ ರಕ್ತಸಂಬಂಧಿಗಳಾಗಲಿ ಜೊತೆಗಿಲ್ಲದೆ ಮಗುವನ್ನು ವಸತಿಗೃಹದ ಕೋಣೆಗೆ ಬಿಡಬಾರದೆಂಬ ನಿಯಮವೂ ಅದರಲ್ಲಿದೆ. ಹೋಟೆಲ್ ನಡೆಸುವವರನ್ನೂ ಹೊಣೆಗಾರರನ್ನಾಗಿ ಮಾಡಿದ್ದು ನನಗೆ ಬಹಳ ಸರಿಯೆನಿಸುತ್ತದೆ.

ಕಾಮಗಾರಿಯ ಜಾಗದಲ್ಲಿ ಮಕ್ಕಳು ಹಗಲಿಡೀ ಯಾರ ಕಣ್ಣೆದುರು ಇರುತ್ತಾರೆ ಎಂಬುದನ್ನೂ ನೋಡಿ. ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿತ್ತು. ಆರು ದಾಟಿದ ಮಗು ಶಾಲೆಗೂ ಸೇರದಿದ್ದರೆ ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ತಾವು ಹೇಳುವ ಹುಡುಗಿ ಅಂಥವಳೇ ಎಂದು ನನ್ನ ಊಹೆ.

ಪ್ರಶ್ನೆ ಕೇಳಿದ ಸ್ವಯಂಸೇವಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತಾಯಿಯೊಂದಿಗೆ ಮಾತನಾಡಿ ಇಂದು 1098ಕ್ಕೆ ತಿಳಿಸಿದ್ದೇನೆ. ಮಗುವಿನ ಹೇಳಿಕೆಗೆ ಕನ್ನಡ ದುಭಾಷಿ ಬೇಕೆಂದೂ ಹೇಳಿದ್ದೇನೆ. ಉಳಿದಿರುವ ಆತಂಕ ಒಂದೇ: ಈ ಕುಟುಂಬ ಯುಗಾದಿಗೆ ಊರಿಗೆ ಹೊರಡುತ್ತದೆ, ಮತ್ತೆ ಇದೇ ಕಾಮಗಾರಿಗೆ ಮರಳುವುದೆಂಬ ಖಾತ್ರಿಯಿಲ್ಲ. ಆಗ ಪ್ರಕರಣದ ಗತಿಯೇನು?

ಉತ್ತರ: ಮಾಟುಂಗದ ವಕೀಲ

ಊರಿನ ಪೂರ್ಣ ವಿಳಾಸವನ್ನೂ, ಊರಿನಲ್ಲಿ ಸದಾ ಸಿಗುವ ಒಬ್ಬ ಬಂಧುವಿನ ದೂರವಾಣಿಯನ್ನೂ ತನಿಖಾಧಿಕಾರಿಗೆ ಈಗಲೇ ಬರೆದು ಕೊಡಿಸಿ. ವಿಚಾರಣೆ ಆರಂಭವಾದಾಗ ಆರೋಪಿಯ ಮುಖ ಕಾಣದಂತೆ ವಿಡಿಯೊ ಮೂಲಕ ಸಾಕ್ಷ್ಯ ಪಡೆಯಲು ಕಾಯ್ದೆಯಲ್ಲಿ ಅವಕಾಶವಿರುವುದರಿಂದ, ಮಗು ಯಾದಗಿರಿಯಲ್ಲೇ ಇದ್ದು ಸಾಕ್ಷ್ಯ ನುಡಿಯಲು ಅನುಮತಿ ಕೋರಬಹುದು. ಕುಟುಂಬಕ್ಕೆ ಉಚಿತ ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರ ಒದಗಿಸುತ್ತದೆ. ಕೂಲಿ ತಪ್ಪಿ ಊಟಕ್ಕೂ ಪ್ರಯಾಣಕ್ಕೂ ತೊಂದರೆಯಾದರೆ ತುರ್ತು ನೆರವಿಗೆ ಶಿಫಾರಸು ಮಾಡುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಗಿದೆ, ಕೇಳಲು ಸಂಕೋಚ ಬೇಡ. ತನಿಖೆ ಮತ್ತು ವಿಚಾರಣೆಯುದ್ದಕ್ಕೂ ಮಗುವಿನ ಜೊತೆ ನಿಲ್ಲುವ ಬೆಂಬಲ ವ್ಯಕ್ತಿಯನ್ನೂ ಸಮಿತಿಯೇ ನೇಮಿಸಬಹುದು. ಕನ್ನಡ ಬಲ್ಲವರೇ ಬೇಕೆಂದು ತಾಯಿಯ ಹೆಸರಿನಲ್ಲಿ ಒಂದು ಅರ್ಜಿ ಕೊಡಿಸಿ.

ತಮ್ಮ ಬಳಗದವರಿಗೆ ನನ್ನ ಕೋರಿಕೆಯೊಂದಿದೆ. ದುಭಾಷಿಯಾಗಲು ದೊಡ್ಡ ಪದವಿ ಬೇಕಿಲ್ಲ. ಮಗುವಿನ ಭಾಷೆಯೂ ರಾಜ್ಯದ ಭಾಷೆಯೂ ಚೆನ್ನಾಗಿ ಬರಬೇಕು, ಪ್ರಕರಣದಲ್ಲಿ ಸ್ವಹಿತಾಸಕ್ತಿ ಇರಬಾರದು. ಪುಣೆಯಲ್ಲಿ ಮರಾಠಿ ಶಾಲೆಯಲ್ಲಿ ಓದಿ ಮನೆಯಲ್ಲಿ ಕನ್ನಡ ಮಾತನಾಡುವವರು ಎಷ್ಟೊಂದು ಜನರಿದ್ದಾರೆ. ಅವರಲ್ಲಿ ಕೆಲವರಾದರೂ, ಅದರಲ್ಲೂ ಉತ್ತರ ಕರ್ನಾಟಕದ ಮಾತು ಬಲ್ಲ ಮಹಿಳೆಯರು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ತಮ್ಮ ಹೆಸರನ್ನು ನೋಂದಾಯಿಸಲು ಅರ್ಜಿ ಸಲ್ಲಿಸಲಿ.