ಲಾಟ್ ಕಣಿವೆ: ನದಿಪಕ್ಕದ ರಸ್ತೆಯಲ್ಲಿ ಸರಿಯಿರುವ ಗೇರ್, ಸೇಂ-ಸಿರ್ಕ್-ಲಾಪೋಪಿ ಏರಿನಲ್ಲಿ ಸದ್ದು ಮಾಡುತ್ತಿದೆ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಜರ್ಮನಿಯಿಂದ ಕಾರಿನಲ್ಲಿ ಸೈಕಲ್ ಹಾಕಿಕೊಂಡು ಫ್ರಾನ್ಸಿನ ಲಾಟ್ ನದಿ ಕಣಿವೆಗೆ ಬಂದಿದ್ದೇನೆ. ಕಾಹೋರ್ ಊರಿನಲ್ಲಿ ತಂಗಿದ್ದೇನೆ. ನಿನ್ನೆ ನದಿಯ ಮೇಲ್ಗಡೆಗೆ ಹೊರಟೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ತಲೆಯ ಮೇಲೆ ಬಾಗಿದ ಸುಣ್ಣಕಲ್ಲಿನ ಬಂಡೆ. ಸೈಕಲ್ ಒಂದು ಸಲವೂ ಗೊಣಗಲಿಲ್ಲ.

ತೂರ್-ದ-ಫೋರ್ ಬಳಿ ಸೇತುವೆ ದಾಟಿ ಸೇಂ-ಸಿರ್ಕ್-ಲಾಪೋಪಿಯ ಏರು ಹಿಡಿದದ್ದೇ ತಡ, ಕಷ್ಟ ಶುರುವಾಯಿತು. ಊರು ನದಿಯಿಂದ ಸುಮಾರು 100 ಮೀಟರ್ ಎತ್ತರದ ಬಂಡೆಯ ಅಂಚಿನಲ್ಲಿದೆ. ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಏರಿಸಿದರೆ, ಕಿಟಕಿಯ ಸರಳುಗಳ ಮೇಲೆ ಕೋಲು ಎಳೆದಂತೆ ಟರ್‍ರೆಂಬ ಸದ್ದು. ಎದ್ದು ನಿಂತು ತುಳಿದರೆ ಸದ್ದು ಇನ್ನೂ ಹೆಚ್ಚು. ಮಧ್ಯದ ಗೇರುಗಳಲ್ಲಿ ಚೈನ್ ತಡವರಿಸುತ್ತದೆ. ಕೇಬಲ್ ಬಿಗಿ ಮಾಡುವ ತಿರುಪನ್ನು ಕಾಲು ಸುತ್ತಿನಂತೆ ನಾಲ್ಕು ಬಾರಿ ತಿರುಗಿಸಿದೆ. ಮಧ್ಯ ಸರಿಹೋದರೆ ತುದಿ ಕೆಡುತ್ತದೆ, ತುದಿ ಸರಿಮಾಡಿದರೆ ಚಿಕ್ಕ ಚಕ್ರಕ್ಕೆ ಚೈನ್ ಇಳಿಯುವುದೇ ಇಲ್ಲ. ಕೊನೆಗೆ ಸೈಕಲ್ ತಳ್ಳಿಕೊಂಡು ಊರು ಸೇರಿದೆ.

ಕಾರ್ಬನ್ ಫ್ರೇಮ್, ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ (50/34), ಹಿಂದೆ 11ರಿಂದ 34 ಹಲ್ಲಿನವರೆಗಿನ 11 ಹಲ್ಲುಚಕ್ರಗಳ ಗುಚ್ಛ (11-34 ಕ್ಯಾಸೆಟ್). ಕೇಬಲ್ ಹೊಸದು, ಕಳೆದ ತಿಂಗಳು ಹಾಕಿಸಿದ್ದು. ನಾಲ್ಕು ದಿನ ಬಿಟ್ಟು ರೊಕಾಮದೂರ್‌ಗೆ ಹೋಗುವ ಆಸೆಯಿದೆ. ದಯವಿಟ್ಟು ದಾರಿ ತೋರಿಸಿ.

ಎಣ್ಣೆಚೈನ್:
ಹೊಸ ಕೇಬಲ್ ಎಂದಿರಲ್ಲ, ಅದರ ಹೊರಕವಚ ಮೊದಲ ಕೆಲವು ಸವಾರಿಗಳಲ್ಲಿ ಒತ್ತಿಕೊಂಡು ಕೂರುತ್ತದೆ, ಬಿಗಿ ತಪ್ಪುತ್ತದೆ. ಇನ್ನೂ ಅರ್ಧ ಸುತ್ತು ಬಿಗಿ ಮಾಡಿ ನೋಡಿ.

ಘಾಟಿದಾರಿ:
ತುಂಗಾತೀರ ಅವರೇ, ಆ ತಿರುಪಿಗೆ ಇನ್ನು ಕೈ ಹಾಕಬೇಡಿ. ಬರೀ ಕೇಬಲ್ ಸಡಿಲವಾಗಿದ್ದರೆ ಒಂದು ಕಡೆ ಸರಿಮಾಡಿದಾಗ ಎಲ್ಲ ಕಡೆಯೂ ಸರಿಹೋಗಬೇಕಿತ್ತು. ನಿಮ್ಮಲ್ಲಿ ಒಂದು ತುದಿ ಕೂಡಿದರೆ ಇನ್ನೊಂದು ತುದಿ ಬಿಡುತ್ತಿದೆ. ಇದು ಡೆರೈಲರ್ ಹ್ಯಾಂಗರ್ ಬಾಗಿದ ಲಕ್ಷಣ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡೆರೈಲರನ್ನು ಫ್ರೇಮಿಗೆ ಹಿಡಿದಿಡುವ ಆ ಅಲ್ಯೂಮಿನಿಯಂ ತುಂಡನ್ನು ಬೇಕೆಂದೇ ಮೆದುವಾಗಿ ಮಾಡಿರುತ್ತಾರೆ, ಪೆಟ್ಟು ಬಿದ್ದರೆ ಅದು ಬಾಗಲಿ, ಫ್ರೇಮ್ ಉಳಿಯಲಿ ಎಂದು.

ಎರಡು ವಿಷಯ ತಿಳಿಸಿ. ಕಾರಿನಲ್ಲಿ ಸೈಕಲನ್ನು ಯಾವ ಮಗ್ಗುಲಿಗೆ ಮಲಗಿಸಿದ್ದಿರಿ? ಡೆರೈಲರ್ ಕೇಜಿನ (ಚೈನ್ ಹಾಯುವ, ಎರಡು ಪುಟ್ಟ ಗಾಲಿಗಳಿರುವ ಕೆಳತೋಳಿನ) ಒಳಮೈಯಲ್ಲಿ, ಎಂದರೆ ಚಕ್ರದ ಕಡ್ಡಿಗಳ ಕಡೆಗಿರುವ ಮೈಯಲ್ಲಿ, ಹೊಸ ಗೀರು ಇದೆಯೇ?

ತುಂಗಾತೀರ:
ಬಲಮಗ್ಗುಲಿಗೆ ಮಲಗಿಸಿದ್ದೆ. ಮೇಲೆ ಒಂದು ಸೂಟ್‌ಕೇಸ್ ಕೂಡ ಇಟ್ಟಿದ್ದೆ. ಈಗ ಟಾರ್ಚ್ ಬಿಟ್ಟು ನೋಡಿದೆ: ಕೇಜಿನ ಕಪ್ಪು ಬಣ್ಣ ಹೋಗಿ, ಉಗುರಿನಷ್ಟು ಜಾಗದಲ್ಲಿ ಬೆಳ್ಳಿಯಂತೆ ಹೊಳೆಯುತ್ತಿದೆ. ಎರಡು ಕಡ್ಡಿಗಳ ಮೇಲೂ ಅದೇ ಎತ್ತರದಲ್ಲಿ ಸಣ್ಣ ಗೀರು. ನೋಡಿ ಕೈ ತಣ್ಣಗಾಯಿತು.

ಘಾಟಿದಾರಿ:
ಸದ್ದು ಕೇಜ್ ಕಡ್ಡಿಗಳಿಗೆ ಉಜ್ಜುವುದರದೇ. ನದಿಪಕ್ಕದ ರಸ್ತೆಯಲ್ಲಿ ನೀವು ದೊಡ್ಡ ಹಲ್ಲುಚಕ್ರವನ್ನು ಮುಟ್ಟಿಯೇ ಇರುವುದಿಲ್ಲ, ಅದಕ್ಕೇ ದೋಷ ಅಡಗಿತ್ತು. ಏರಿನಲ್ಲಿ ಕೇಜ್ ಚಕ್ರದ ಕಡೆಗೆ ಪೂರ್ತಿ ಸರಿಯುತ್ತದೆ, ಜೊತೆಗೆ ಎದ್ದು ನಿಂತು ತುಳಿಯುವ ಬಲಕ್ಕೆ ಚಕ್ರವೂ ತುಸು ಬಾಗುತ್ತದೆ. ಕೇಜ್ ಕಡ್ಡಿಗೆ ಸಿಕ್ಕಿಕೊಂಡರೆ ಡೆರೈಲರ್ ಹರಿದು ಚಕ್ರದೊಳಗೆ ಹೋಗುತ್ತದೆ, ಸೈಕಲ್ ಅಲ್ಲೇ ನಿಲ್ಲುತ್ತದೆ. ಫ್ರೇಮಿಗೂ ನಿಮಗೂ ಪೆಟ್ಟಾಗಬಹುದು. ಆದ್ದರಿಂದ ಹ್ಯಾಂಗರನ್ನು ನೆಟ್ಟಗೆ ಮಾಡಿಸುವವರೆಗೆ ಅತಿ ದೊಡ್ಡ ಚಕ್ರಕ್ಕೆ ಚೈನ್ ಹಾಕಲೇಬೇಡಿ.

ಖಚಿತ ಮಾಡಿಕೊಳ್ಳಲು, ಚೈನನ್ನು ಮಧ್ಯದ ಗೇರಿನಲ್ಲಿಟ್ಟು ಸೈಕಲಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಚೈನ್ ಕೂತಿರುವ ಹಲ್ಲುಚಕ್ರ ಮತ್ತು ಕೇಜಿನ ಎರಡು ಪುಟ್ಟ ಗಾಲಿಗಳು ಒಂದೇ ನೇರದಲ್ಲಿ ಕಾಣಬೇಕು. ಕೆಳಗಿನ ಗಾಲಿ ಕಡ್ಡಿಗಳ ಕಡೆಗೆ ವಾಲಿದ್ದರೆ ಅನುಮಾನವೇ ಬೇಡ. 11 ಗೇರಿನ ಕ್ಯಾಸೆಟ್‌ನಲ್ಲಿ ಒಂದು ಹಲ್ಲುಚಕ್ರದಿಂದ ಮುಂದಿನದಕ್ಕೆ ಸುಮಾರು 3.7 ಮಿ.ಮೀ. ಮಾತ್ರ, ಹಾಗಾಗಿ ಸಣ್ಣ ಬಾಗೂ ಲೆಕ್ಕಕ್ಕೆ ಬರುತ್ತದೆ.

ತಾತ್ಕಾಲಿಕವಾಗಿ, ಡೆರೈಲರಿನಲ್ಲಿ ‘ಎಲ್’ ಎಂದು ಗುರುತಿರುವ ಸ್ಕ್ರೂವನ್ನು ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಚೈನ್ 34 ಹಲ್ಲಿನ ಚಕ್ರಕ್ಕೆ ಏರದಂತೆ ತಡೆಯಿರಿ. ಆಗ 30 ಹಲ್ಲಿನದೇ ಕೊನೆಯ ಗೇರ್. ಮುಂದೆ ಚಿಕ್ಕ ಚಕ್ರದಲ್ಲಿಟ್ಟು ನಿಮಿಷಕ್ಕೆ 60 ಸುತ್ತು ತುಳಿದರೆ ಹಿಂದಿನ 34ರಲ್ಲಿ ಗಂಟೆಗೆ ಸುಮಾರು 7.5 ಕಿ.ಮೀ. ಹೋಗುತ್ತಿದ್ದವರು 30ರಲ್ಲಿ 8.5 ಕಿ.ಮೀ. ಹೋಗಬೇಕಾಗುತ್ತದೆ. ಕಾಲಿಗೆ ತುಸು ಕಷ್ಟ, ಅಷ್ಟೇ.

ನಿಜವಾದ ಪರಿಹಾರ ಅಂಗಡಿಯಲ್ಲಿ. ಡೆರೈಲರ್ ಬಿಚ್ಚಿ, ಹ್ಯಾಂಗರಿನ ತೂತಿಗೆ ಉದ್ದನೆಯ ಅಳತೆ ಸಲಕರಣೆ ಸಿಕ್ಕಿಸಿ, ರಿಮ್ಮಿನ ಮೇಲೆ, ಕೆಳಗೆ, ಹಿಂದೆ, ಮುಂದೆ ಅಂತರ ನೋಡುತ್ತಾ ನೆಟ್ಟಗೆ ಮಾಡುತ್ತಾರೆ. ಕೈಯಿಂದಲೋ ಇಕ್ಕಳದಿಂದಲೋ ನೀವೇ ಎಳೆಯಲು ಹೋಗಬೇಡಿ. ಒಮ್ಮೆ ಬಾಗಿ ನೆಟ್ಟಗಾದ ಅಲ್ಯೂಮಿನಿಯಂ ಮೊದಲಿನ ಗಟ್ಟಿಯದಲ್ಲ, ಆದ್ದರಿಂದ ಬದಲಿ ಹ್ಯಾಂಗರ್ ತರಿಸಿಡಿ. ಪ್ರತಿ ಫ್ರೇಮಿಗೂ ಅದರ ಆಕಾರ ಬೇರೆ. ಅಂಗಡಿಯಲ್ಲಿ ಸುಮ್ಮನೆ ಕೇಳಿದರೆ ಸಿಗುವುದಿಲ್ಲ, ಫ್ರೇಮಿನ ಮಾದರಿ ಹೇಳಿಯೇ ತರಿಸಬೇಕು.

ರೊಕಾಮದೂರ್‌ನ ಕೊನೆಯ ಏರನ್ನು ಹಗುರವಾಗಿ ಎಣಿಸಬೇಡಿ. 2022ರ ಟೂರ್ ದ ಫ್ರಾನ್ಸ್‌ನಲ್ಲಿ 40.7 ಕಿ.ಮೀ. ಟೈಮ್ ಟ್ರಯಲ್ (ಒಬ್ಬೊಬ್ಬರೇ ಹೊರಟು ಸಮಯದ ವಿರುದ್ಧ ತುಳಿಯುವ ಸ್ಪರ್ಧೆ) ಮುಗಿದದ್ದು ಅಲ್ಲೇ, ಒಂದೂವರೆ ಕಿ.ಮೀ.ಗೆ ಸರಾಸರಿ 7.8 ಶೇಕಡಾ ಏರು. ಅಲ್ಲಿ ನಿಮಗೆ 34 ಬೇಕೇ ಬೇಕು.

ಎಣ್ಣೆಚೈನ್:
ನನ್ನ ಸಲಹೆ ತಪ್ಪಾಗಿತ್ತು. ಬಲಮಗ್ಗುಲಿನ ವಿಷಯವನ್ನು ನಾನು ಮೊದಲೇ ಕೇಳಬೇಕಿತ್ತು.

ತುಂಗಾತೀರ (ಮೂರು ದಿನಗಳ ನಂತರ):
ಘಾಟಿದಾರಿ ಅವರೇ, ಹೃತ್ಪೂರ್ವಕ ವಂದನೆಗಳು. ನೀವು ಹೇಳಿದ್ದೇ ನಿಜವಾಯಿತು. ಅಂಗಡಿಯವರು ಸಲಕರಣೆ ಸಿಕ್ಕಿಸಿ ತೋರಿಸಿದರು: ರಿಮ್ಮಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ 9 ಮಿ.ಮೀ. ವ್ಯತ್ಯಾಸ! ನೆಟ್ಟಗೆ ಮಾಡಿ, ‘ಎಲ್’ ಸ್ಕ್ರೂ ಮತ್ತೆ ಹೊಂದಿಸಿ, ಕೇಬಲ್ ಬಿಗಿಯನ್ನು ಮೊದಲಿನಿಂದ ಕೂಡಿಸಿಕೊಟ್ಟರು.

ಇಂದು ಬೆಳಿಗ್ಗೆ ಮತ್ತೆ ಸೇಂ-ಸಿರ್ಕ್‌ಗೆ ಹೋದೆ, ಅದೇ ಸೇತುವೆ, ಅದೇ ಏರು. 34ಕ್ಕೆ ಹಾಕಿ, ಭಯದಿಂದಲೇ ಎದ್ದು ನಿಂತು ತುಳಿದೆ. ನನ್ನ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಮೊದಲ ಸಲ ಊರನ್ನು ನೋಡುವ ಮನಸ್ಸೇ ಇರಲಿಲ್ಲ, ಈ ಸಲ ಒಂದು ಗಂಟೆ ಅಡ್ಡಾಡಿದೆ. ಕಡಿದಾದ ಕಂದು ಹೆಂಚಿನ ಮಾಡುಗಳು, ಕೋಟೆಯಂತಹ ಚರ್ಚು. ಪೀಪಾಯಿಗಳಿಗೆ ಮರದ ನಲ್ಲಿ ಕಡೆದು ಕೊಡುತ್ತಿದ್ದ ಕುಶಲಕರ್ಮಿಗಳ ಊರಂತೆ ಇದು. ಚರ್ಚಿನ ಬಳಿಯಿಂದ ಇಣುಕಿದರೆ, ನಾನು ಬಂದ ರಸ್ತೆ ನದಿಯ ಪಕ್ಕ ದಾರದಂತೆ ಕಾಣುತ್ತಿತ್ತು. ನಾಳೆ ರೊಕಾಮದೂರ್.

ಬದಲಿ ಹ್ಯಾಂಗರ್ ಮನೆಗೆ ತರಿಸುತ್ತಿದ್ದೇನೆ. ಹಿಂತಿರುಗುವಾಗ ಎಡಮಗ್ಗುಲಿಗೆ ಮಲಗಿಸಿದರೆ ಸಾಕೇ?

ಘಾಟಿದಾರಿ:
ಎಡಮಗ್ಗುಲು ಸರಿ, ಮೇಲೆ ಏನನ್ನೂ ಇಡಬೇಡಿ. ಸಾಧ್ಯವಾದರೆ ಹಿಂದಿನ ಚಕ್ರ ತೆಗೆದು, ಡೆರೈಲರನ್ನು ಹ್ಯಾಂಗರಿನಿಂದ ಬಿಚ್ಚಿ, ಬಟ್ಟೆ ಸುತ್ತಿ ಫ್ರೇಮಿನ ಒಳಗಡೆಗೆ ಕಟ್ಟಿ. 5 ಮಿ.ಮೀ. ಅಲೆನ್ ಕೀ ಕೈಗೆ ಸಿಗುವಂತಿರಲಿ.