ಮ್ಯಾಜಿಕ್ ಶೋ ನಂಬಿಕೊಂಡು ಕೆಲಸ ಬಿಡಬಹುದಾ? ಗಂಗಾವತಿಯಿಂದ ಕೇಳುತ್ತಿದ್ದೇನೆ

ಗಂಗಾವತಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹೈಸ್ಕೂಲಿನಿಂದಲೂ ಮ್ಯಾಜಿಕ್ ಹುಚ್ಚು. ಭಾನುವಾರ, ರಜಾ ದಿನ ಬಂತು ಅಂದರೆ ಬರ್ತ್‌ಡೇ, ತೊಟ್ಟಿಲು, ಗಣಪತಿ ಪೆಂಡಾಲ್ ಅಂತ ಶೋ ಕೊಡುತ್ತೇನೆ. ಹಗ್ಗ, ರಿಂಗು, ಇಸ್ಪೀಟು, ಕರ್ಚೀಫು, ಖಾಲಿ ಡಬ್ಬಿಯಿಂದ ಚಾಕೊಲೇಟು, ಎಲ್ಲಾ ಸೇರಿ ಮುಕ್ಕಾಲು ಗಂಟೆ ಚೆನ್ನಾಗಿ ನಡೆಯುತ್ತದೆ. ಜನ ಚಪ್ಪಾಳೆ ಹೊಡೆಯುತ್ತಾರೆ, ನಂಬರ್ ಬರೆದುಕೊಳ್ಳುತ್ತಾರೆ, ಆಮೇಲೆ ಫೋನೇ ಬರುವುದಿಲ್ಲ. ಬಂದರೂ "ಊಟ ಇಲ್ಲೇ ಇರ್ತದೆ, ಸ್ವಲ್ಪ ನೋಡಿ ಹೇಳಿ" ಅಂತ ಚೌಕಾಸಿ.

ಇನ್‌ಸ್ಟಾದಲ್ಲಿ ರೀಲ್ಸ್ ಹಾಕುತ್ತೇನೆ, ನೋಡುವವರು ಜಾಸ್ತಿ ಇದ್ದಾರೆ, ಶೋ ಕೇಳುವವರು ಇಲ್ಲ. ಗೆಳೆಯರು ಹೇಳುವುದು ಏನೆಂದರೆ ದೊಡ್ಡ ಐಟಂ ಇಲ್ಲದೆ ದೊಡ್ಡ ರೇಟು ಬರುವುದಿಲ್ಲ, ಹುಡುಗಿಯನ್ನು ಗಾಳಿಯಲ್ಲಿ ತೇಲಿಸುವ ಸೆಟ್ ತೊಗೊ, ಸಾಲ ಮಾಡಿದರೂ ಒಂದೇ ಸೀಸನ್‌ನಲ್ಲಿ ತೀರುತ್ತದೆ ಅಂತ. ಮನೆಯಲ್ಲಿ ಅವ್ವ ಮಾತ್ರ ಒಪ್ಪುತ್ತಿಲ್ಲ. ಇದನ್ನೇ ಕಸುಬು ಮಾಡಿಕೊಂಡವರು ಇಲ್ಲಿದ್ದರೆ ದಯವಿಟ್ಟು ನೇರವಾಗಿ ಹೇಳಿ. ಸಾಲ ಮಾಡಲಾ? ಕೆಲಸ ಬಿಡಲಾ?

ರಾಯಚೂರು ಜಾದೂ

ತಮ್ಮಾ, ಮೊದಲು ಸಾಲದ ಮಾತು ಬಿಡು. ನಾನು ಈ ಕಸುಬಿನಲ್ಲೇ ಮಕ್ಕಳನ್ನು ಓದಿಸಿದವನು, ಅದಕ್ಕೇ ಹೇಳುತ್ತಿದ್ದೇನೆ.

ನೀನು ಆಡುವ ಜಾಗ ಎಂಥದು ಯೋಚಿಸು. ಬೆಂಗಳೂರಿನ ಸಭಾಂಗಣ ಅಲ್ಲ. ಶಾಲೆ ಮೈದಾನದಲ್ಲಿ ಎರಡು ಬೆಂಚು ಕೂಡಿಸಿ ಸ್ಟೇಜು ಮಾಡಿರುತ್ತಾರೆ, ಮಕ್ಕಳು ಮೂರು ಕಡೆ ಕೂರುತ್ತಾರೆ, ನಾಲ್ಕನೇ ಕಡೆ ಊರ ಹುಡುಗರು ಕಾಂಪೌಂಡ್ ಗೋಡೆ ಹತ್ತಿ ನಿನ್ನ ಬೆನ್ನ ಹಿಂದೆಯೇ ಕೂತಿರುತ್ತಾರೆ. ಗಾಳಿಗೆ ಪರದೆ ನಿಲ್ಲುವುದಿಲ್ಲ. ಮಧ್ಯಾಹ್ನದ ಬಿಸಿಲು, ಕರೆಂಟ್ ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ. ಇಂಥ ಕಡೆ ತೇಲುವ ಹುಡುಗಿಯನ್ನು ಎಲ್ಲಿ ತೇಲಿಸುತ್ತೀ? ಆ ಸೆಟ್ ಹೊರಲು ಟಾಟಾ ಏಸ್ ಬೇಕು, ಇಬ್ಬರು ಹುಡುಗರು ಬೇಕು, ಒಬ್ಬ ಹುಡುಗಿ ಬೇಕು, ಅವರೆಲ್ಲರ ಊಟ, ಪಗಾರ, ಡೀಸೆಲ್ ಕಳೆದರೆ ಕೈಯಲ್ಲಿ ಉಳಿಯುವುದು ಈಗಿನಷ್ಟೇ. ಸಾಲದ ಕಂತು ಬೇರೆ.

ಸುತ್ತಲೂ ಜನ ಇದ್ದರೂ ನಡೆಯುವ ಐಟಂ ಬೇಕು. ಹಗ್ಗ, ರಿಂಗು, ಕಪ್ ಮತ್ತು ಚೆಂಡಿನ ಆಟ, ಮಕ್ಕಳನ್ನು ಕರೆದು ಮಾಡಿಸುವ ಆಟ. ಒಂದು ಬ್ಯಾಗು, ಬ್ಯಾಟರಿ ಸ್ಪೀಕರು, ಕೊರಳಿಗೆ ಹಾಕುವ ಮೈಕು. ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ ಬರುವಂತಿರಬೇಕು.

ಫೋನ್ ಯಾಕೆ ಬರುವುದಿಲ್ಲ ಅಂತ ಕೇಳಿದೆಯಲ್ಲ, ನೀನು ಬರೆದದ್ದರಲ್ಲೇ ಇದೆ. ನಿನ್ನ ಹತ್ತಿರ ಒಂದೇ ಕಾರ್ಯಕ್ರಮ ಇದೆ. ಈ ವರ್ಷ ನೋಡಿದ ಮಕ್ಕಳೇ ಮುಂದಿನ ವರ್ಷವೂ ಅದೇ ಶಾಲೆಯಲ್ಲಿ ಇರುತ್ತಾರೆ, ಅದನ್ನೇ ಮತ್ತೆ ಹೇಗೆ ತೋರಿಸುತ್ತೀ? ಸೆಟ್ ಕೊಳ್ಳುವ ದುಡ್ಡು ಉಳಿಸು, ಎರಡನೇ ಕಾರ್ಯಕ್ರಮ ಕಟ್ಟು. ಮುಕ್ಕಾಲು ಗಂಟೆಯದ್ದೇ, ಒಂದು ಐಟಂ ಕೂಡ ಮೊದಲಿನದ್ದು ಇರಬಾರದು. ಆಮೇಲೆ ಮೂರನೇದು. ಮೂರು ಇದ್ದರೆ ಒಂದು ಶಾಲೆ ನಿನ್ನನ್ನು ಮೂರು ವರ್ಷ ಕರೆಯುತ್ತದೆ, ನಾಲ್ಕನೇ ವರ್ಷ ಮತ್ತೆ ಮೊದಲಿನದ್ದನ್ನೇ ತೋರಿಸು, ಅಷ್ಟೊತ್ತಿಗೆ ಅರ್ಧ ಮಕ್ಕಳು ಹೊಸಬರು. ನನ್ನ ಸಂಸಾರ ನಡೆದದ್ದು ಇದರಿಂದಲೇ.

ಭಾಷೆನೂ ಕಲಿ. ರಾಯಚೂರು ಪೇಟೆಯಲ್ಲಿ ಉರ್ದು ಬೇಕು, ಸಿಂಧನೂರು ಕಡೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿಗೆ ಹೋದರೆ ತೆಲುಗು ಬೇಕು. ಪೂರ್ತಿ ಬರದಿದ್ದರೂ ಪರವಾಗಿಲ್ಲ, ಮಗುವಿನ ಹೆಸರು ಕೇಳಿ ಎರಡು ಮಾತು ಅವರ ಭಾಷೆಯಲ್ಲಿ ಆಡಿದರೆ ಜನ ನಿನ್ನವರಾಗುತ್ತಾರೆ.

ಕೊಪ್ಪಳ ಟೀಚರ್

ನಮ್ಮ ಶಾಲೆಯಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ಕಾರ್ಯಕ್ರಮ ನೋಡಿಕೊಳ್ಳುವುದು ನಾನೇ, ಹಾಗಾಗಿ ಕರೆಯುವವರ ಕಡೆಯಿಂದ ಹೇಳುತ್ತೇನೆ.

ನಮಗೆ ದೊಡ್ಡ ಐಟಂ ಬೇಕಿಲ್ಲ. ಹೇಳಿದ ಹೊತ್ತಿಗೆ ಬರಬೇಕು, ಹೇಳಿದ ಹೊತ್ತಿಗೆ ಮುಗಿಸಬೇಕು, ಮಕ್ಕಳ ಜೊತೆ ಮರ್ಯಾದೆಯಿಂದ ನಡೆದುಕೊಳ್ಳಬೇಕು. ಬೆಂಕಿ ಬೇಡವೇ ಬೇಡ. ಹಿಂದೊಮ್ಮೆ ಒಬ್ಬರು ಬಂದಿದ್ದರು, ಕೈಚಳಕ ಬಹಳ ಚೆನ್ನಾಗಿತ್ತು, ಆದರೆ ಸ್ಟೇಜಿಗೆ ಕರೆದ ಹುಡುಗನ ಕಿವಿ ಹಿಂಡಿ, ದಪ್ಪ ಇದ್ದಾನೆ ಅಂತ ಆಡಿಕೊಂಡು ಎಲ್ಲರನ್ನೂ ನಗಿಸಿದರು. ಮರುದಿನ ಅವನ ತಾಯಿ ಆಫೀಸಿಗೆ ಬಂದರು. ಆ ಜಾದೂಗಾರರನ್ನು ನಾವು ಮತ್ತೆ ಕರೆಯಲಿಲ್ಲ.

ಈಗ ಬರುವವರು ಬೇರೆ. ಐದನೇ ಕ್ಲಾಸಿನ ಒಂದು ಹುಡುಗಿ ಕ್ಲಾಸಿನಲ್ಲಿ ಬಾಯೇ ಬಿಡುವುದಿಲ್ಲ. ಅವಳನ್ನು ಕರೆದು ಮೊಣಕಾಲೂರಿ ಅವಳ ಎತ್ತರಕ್ಕೆ ಕೂತರು. ಹಗ್ಗದ ಒಂದು ತುದಿ ಅವಳ ಕೈಗೆ ಕೊಟ್ಟು, "ನಾನು ಏನೂ ಮಾಡುವುದಿಲ್ಲ, ನೀನೇ ಊದು" ಅಂದರು. ಅವಳು ಊದಿದಳು, ಗಂಟು ಬಿಚ್ಚಿತು. ಆಮೇಲೆ ಅವರು ಪಕ್ಕಕ್ಕೆ ಸರಿದು ನಿಂತರು, ಚಪ್ಪಾಳೆ ಪೂರ್ತಿ ಅವಳಿಗೇ. ನಮ್ಮ ಹೆಡ್‌ಮಾಸ್ಟರು ಆಗಲೇ ಮುಂದಿನ ವರ್ಷದ ತಾರೀಖು ಕೇಳಿದರು.

ಇನ್ನೊಂದು, ನಮ್ಮ ಹತ್ತಿರ ಯಾವಾಗ ಬರಬೇಕು ಅಂತ ತಿಳಿದುಕೊಳ್ಳಿ. ನವೆಂಬರ್ 14ರ ಮಕ್ಕಳ ದಿನಾಚರಣೆಗೆ ನವೆಂಬರ್‌ನಲ್ಲಿ ಬಂದು ಕೇಳಿದರೆ ಏನು ಪ್ರಯೋಜನ? ದಸರಾ ರಜೆ ಮುಗಿದ ಕೂಡಲೇ ಬನ್ನಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗ್ಯಾದರಿಂಗ್ ಕಾಲ, ಮಾರ್ಚ್ ಬಂದರೆ ಪರೀಕ್ಷೆ, ಯಾರೂ ಮಾತಾಡಿಸುವುದಿಲ್ಲ. ಫೆಬ್ರವರಿ 28 ವಿಜ್ಞಾನ ದಿನ, ಅವತ್ತು ಪವಾಡ ಬಯಲು ಥರದ ಕಾರ್ಯಕ್ರಮ ಮಾಡಿಕೊಡುವವರನ್ನು ನಾವೇ ಹುಡುಕುತ್ತೇವೆ, ಸಿಗುವುದಿಲ್ಲ. ಮೇಲಿನ ಸರ್ ಹೇಳಿದ ಎರಡನೇ ಕಾರ್ಯಕ್ರಮ ಇದೇ ಯಾಕಾಗಬಾರದು?

ಬಳ್ಳಾರಿ ಇವೆಂಟ್ಸ್

ಇಬ್ಬರೂ ಸರಿಯಾಗಿ ಹೇಳಿದ್ದಾರೆ. ನಾನು ದುಡ್ಡಿನ ಕಡೆ ಮಾತ್ರ ಹೇಳುತ್ತೇನೆ.

ರೇಟು ಒಂದೇ ಸಲ ಹೇಳಿ ಬ್ರದರ್. ಎಂಟು ಸಾವಿರ ಅಂತ ಹೇಳಿ ನಾಲ್ಕಕ್ಕೆ ಇಳಿದರೆ ಮೊದಲು ಹೇಳಿದ್ದು ಸುಳ್ಳು ಅಂತ ಅವರೇ ತಿಳಿದುಕೊಳ್ಳುತ್ತಾರೆ. ಕಡಿಮೆ ಮಾಡಲೇಬೇಕು ಅಂದರೆ ಶೋ ಅರ್ಧ ಗಂಟೆಗೆ ಇಳಿಸಿ, ಅದೇ ಶೋ ಅಗ್ಗಕ್ಕೆ ಕೊಡಬೇಡಿ. ಅಡ್ವಾನ್ಸ್ ಬರದೆ ಡೈರಿಯಲ್ಲಿ ತಾರೀಖು ಬರೆಯಬೇಡಿ. ಮಾತಾಡಿದ ಮೇಲೆ ತಾರೀಖು, ಜಾಗ, ಹೊತ್ತು, ರೇಟು, ಬಾಕಿ ಯಾವಾಗ, ಇಷ್ಟನ್ನೂ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸಿ "ಓಕೆ" ತರಿಸಿಕೊಳ್ಳಿ.

ಒಳ್ಳೆ ರೇಟು ಸಿಗುವುದು ಕಂಪನಿಗಳಲ್ಲಿ. ತೋರಣಗಲ್ಲು, ಕುಡತಿನಿ, ಶಕ್ತಿನಗರ, ಎಲ್ಲಾ ಕಡೆ ಕಾರ್ಖಾನೆ, ವಿದ್ಯುತ್ ಸ್ಥಾವರ ಇವೆ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ, ಆಗ ಶಾಲೆ ಕೆಲಸ ನಿಂತಿರುತ್ತದೆ, ಇವರ ಕಡೆ ಸುರಕ್ಷತಾ ಸಪ್ತಾಹ ಶುರು. ಹೆಲ್ಮೆಟ್, ಸೇಫ್ಟಿ ಬೆಲ್ಟ್ ಇಟ್ಟುಕೊಂಡು ಇಪ್ಪತ್ತು ನಿಮಿಷದ ಐಟಂ ಕಟ್ಟಿ. ಆದರೆ ಇಲ್ಲಿ ಕಾಗದ ಬೇಕು. ಪ್ಯಾನ್, ನಿಮ್ಮ ಹೆಸರಿನ ಬ್ಯಾಂಕ್ ಖಾತೆ, ನಂಬರ್ ಹಾಕಿದ ಬಿಲ್. ಸಣ್ಣ ವ್ಯವಹಾರಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ಚಿಂತೆ ಇಲ್ಲ. ಕಂಪನಿಯವರು ದುಡ್ಡು ಕೊಡುವಾಗಲೇ ಟಿಡಿಎಸ್ ಅಂತ ತೆರಿಗೆ ಹಿಡಿದುಕೊಂಡಿದ್ದರೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ, ತೆರಿಗೆ ಬೀಳುವಷ್ಟು ಆದಾಯ ಇಲ್ಲದಿದ್ದರೆ ಅದು ವಾಪಸ್ ಬರುತ್ತದೆ. ಸುಮಾರು ಕಲಾವಿದರು ಆ ದುಡ್ಡು ಬಿಟ್ಟೇಬಿಡುತ್ತಾರೆ.

ರೀಲ್ಸ್ ವಿಷಯ. ಬಂಗಾಳದ ಹೆಸರಾಂತ ಜಾದೂಗಾರ ಪಿ.ಸಿ. ಸರ್ಕಾರ್ 1956ರಲ್ಲಿ ಲಂಡನ್‌ನಲ್ಲಿ ಬಿಬಿಸಿ ಟಿವಿಯಲ್ಲಿ ಹುಡುಗಿಯನ್ನು ಗರಗಸದಿಂದ ಕೊಯ್ಯುವ ಐಟಂ ತೋರಿಸಿದ್ದರು. ಅವಳು ಎದ್ದು ಕೂರುವ ಮೊದಲೇ ಕಾರ್ಯಕ್ರಮ ಮುಗಿದುಹೋಯಿತು. ಹುಡುಗಿ ಸತ್ತೇ ಹೋದಳು ಅಂತ ಜನ ಬಿಬಿಸಿಗೆ ಫೋನ್ ಮೇಲೆ ಫೋನ್ ಮಾಡಿದರು, ಪೇಪರ್ ತುಂಬ ಅದೇ ಸುದ್ದಿ. ಅವರ ಶೋ ಅಲ್ಲೇ ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನಲ್ಲಿ ಇತ್ತು, ಟಿಕೆಟ್ ಎಲ್ಲಾ ಖಾಲಿ. ಟಿವಿ ನೋಡಿದವರಿಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿತ್ತು, ಅಲ್ವಾ? ನಿಮ್ಮ ರೀಲ್ಸ್ ನೋಡಿದವರಿಗೆ ನೀವು ಯಾವ ಊರಿನವರು ಅಂತಲೇ ಗೊತ್ತಾಗುವುದಿಲ್ಲ. ಟ್ರಿಕ್ ಹಾಕುವುದಕ್ಕಿಂತ ಶಾಲೆಯಲ್ಲಿ ಮಕ್ಕಳು ನಗುತ್ತಿರುವ ಅರ್ಧ ನಿಮಿಷ ಹಾಕಿ, ಶಾಲೆಯವರನ್ನು ಕೇಳಿಯೇ ಹಾಕಿ. ಕೆಳಗೆ ಗಂಗಾವತಿ, ಕೊಪ್ಪಳ, ಸಿಂಧನೂರು, ಕಂಪ್ಲಿ ಅಂತ ಬರೆದು ನಂಬರ್ ಕೊಡಿ.

ಗಂಗಾವತಿ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೆಟ್ ತೊಗೊಳ್ಳುವುದಿಲ್ಲ, ತೀರ್ಮಾನ ಆಯಿತು. ಇನ್ನೆರಡು ಕೇಳಬೇಕಿತ್ತು. ಶೋದಲ್ಲಿ ಗಿಳಿ ಅಥವಾ ಪಾರಿವಾಳ ತೆಗೆದರೆ ಹೇಗೆ? ಮತ್ತೆ ಹಳ್ಳಿಗಳಲ್ಲಿ ಶೋ ಮುಗಿದ ಮೇಲೆ ಕೆಲವರು ಪಕ್ಕಕ್ಕೆ ಕರೆದು ಮಾಟ ತೆಗೆಯಿರಿ, ಕಳುವಾದ ಬಂಗಾರ ಎಲ್ಲಿದೆ ಹೇಳಿ, ಎಷ್ಟಾದರೂ ಕೊಡುತ್ತೇವೆ ಅನ್ನುತ್ತಾರೆ. ಏನು ಹೇಳಬೇಕು?

ರಾಯಚೂರು ಜಾದೂ

ಗಿಳಿ ಮುಟ್ಟಬೇಡ. ನಮ್ಮ ಕಡೆಯ ಗಿಳಿ ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಪಾರಿವಾಳ, ಮೊಲ ಶೋಗೆ ಬಳಸಬೇಕಾದರೂ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು, 2001ರ ನಿಯಮ ಇದೆ. ನಮ್ಮ ಬಿಸಿಲಿನಲ್ಲಿ ಆ ಮೂಕ ಜೀವವನ್ನು ಡಬ್ಬಿಯಲ್ಲಿ ಇಡುವುದೂ ತಪ್ಪು. ಬಟ್ಟೆ, ಹೂವು ತೆಗೆ, ಸಾಕು.

ಎರಡನೆಯದಕ್ಕೆ ಉತ್ತರ ಒಂದೇ. "ಇದು ಕೈಚಳಕ ಅವ್ವಾ, ನನ್ನ ಹತ್ತಿರ ಶಕ್ತಿ ಇಲ್ಲ. ಕಳುವಾಗಿದ್ದರೆ ಸ್ಟೇಷನ್‌ಗೆ ಹೋಗಿ, ಆರಾಮಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಿ" ಅಂತ ಹೇಳು. ಪವಾಡ ಅಂತ ಹೇಳಿಕೊಂಡು ದುಡ್ಡು ಮಾಡುವುದು 2017ರ ವಾಮಾಚಾರ ತಡೆ ಕಾಯ್ದೆಯಲ್ಲಿ ಬರುತ್ತದೆ, ಜೈಲು ಇದೆ. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಶೋ ಶುರುವಿನಲ್ಲೇ ಮೈಕಿನಲ್ಲಿ ಹೇಳಿಬಿಡು, ನೀವು ನೋಡುವುದೆಲ್ಲಾ ಅಭ್ಯಾಸದಿಂದ ಬಂದದ್ದು ಅಂತ. ಜನ ಅದರಿಂದ ಕಡಿಮೆ ಖುಷಿ ಪಡುವುದಿಲ್ಲ, ನಾನು ನೋಡಿದ್ದೇನೆ.

ಕೆಲಸದ ಮಾತು ಉಳಿಯಿತು. ಈಗ ಬಿಡಬೇಡ. ನಮ್ಮ ಕಡೆ ಬರ್ತ್‌ಡೇ, ಜವಳ ಎಲ್ಲಾ ಭತ್ತದ ದುಡ್ಡಿನ ಮೇಲೆ ನಿಂತಿವೆ, ಎರಡನೇ ಬೆಳೆಗೆ ಕಾಲುವೆ ನೀರು ಬಿಡದ ವರ್ಷ ಆ ಶೋಗಳೂ ಇರುವುದಿಲ್ಲ. ಅಂಗಡಿ ಮಾಲೀಕರನ್ನು ಕೇಳಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅರ್ಧ ದಿನ ಮಾಡಿಕೊ, ಶಾಲೆ ಶೋ ಹೆಚ್ಚಾಗಿ ಮಧ್ಯಾಹ್ನವೇ ಇರುತ್ತದೆ. ಎರಡು ಸೀಸನ್ ಹೀಗೆ ನಡೆಸು. ಹಳೇ ಶಾಲೆಗಳೇ ತಾವಾಗಿ ಫೋನ್ ಮಾಡಿ ಕರೆದರೆ, ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇದ್ದರೆ, ಆಗ ಬಿಡು. ಅವ್ವನಿಗೆ ಪಾಸ್‌ಬುಕ್ ತೋರಿಸಿಯೇ ಬಿಡು. ಎರಡನೇ ಕಾರ್ಯಕ್ರಮ ಕಟ್ಟಿದ ಮೇಲೆ ರಾಯಚೂರಿಗೆ ಬಾ, ನನ್ನ ಮುಂದೆ ಒಮ್ಮೆ ಪೂರ್ತಿ ಆಡಿ ತೋರಿಸು, ಎಲ್ಲಿ ಜಗ್ಗುತ್ತದೆ ಹೇಳುತ್ತೇನೆ.