ಭಾನುವಾರ ಡಾಕ್ಟರ್ ಜೊತೆ: ಶಾಲೆ, ಮಕ್ಕಳು, ಕೋವಿ

ಅಡ್ಮಿನ್: ಅಮೆರಿಕದ ಶಾಲೆಗಳಲ್ಲಿ ಗುಂಡು ಹಾರಿಸಿದ ವಿಡಿಯೊ ನೋಡಿ ಎಲ್ಲರಿಗೂ ಗಾಬರಿಯಾಗಿದೆ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳ ಮನೋವೈದ್ಯರು ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಎ-302: ಪಬ್‌ಜಿ ಆಡಿದರೆ ಮಕ್ಕಳು ಹೀಗಾಗುತ್ತಾರಾ ಮೇಡಂ?

ಡಾಕ್ಟರ್: ಬರೀ ಆಟದಿಂದ ಯಾರೂ ಹೀಗಾಗುವುದಿಲ್ಲ. ನಿದ್ದೆ ಕೆಡುತ್ತಿದ್ದರೆ ಕಡಿಮೆ ಮಾಡಿಸಿ.

ಸಿ-110: ಅಕ್ಕನ ಮಗ, ಒಂಬತ್ತನೇ ಕ್ಲಾಸ್. ನೋಟ್‌ಬುಕ್ಕಿನಲ್ಲಿ ಕೋವಿ, ರಕ್ತ, ಪಕ್ಕದಲ್ಲಿ ಮೂವರು ಹುಡುಗರ ಹೆಸರು. ಸ್ಕೂಲಿನವರು ಬುದ್ಧಿ ಹೇಳಿ ಕಳಿಸಿದರು. ಭಾವ ‘ಗಂಡು ಹುಡುಗ, ಸರಿಹೋಗ್ತಾನೆ’ ಅಂತಾರೆ. ದಸರಾ ರಜೆಗೆ ಮಡಿಕೇರಿ ಕಡೆ ತೋಟಕ್ಕೆ ಹೋಗುತ್ತಾನೆ. ಅಲ್ಲಿ ಕೋವಿ ಇದೆ.

ಡಾಕ್ಟರ್: ಇದನ್ನು ಸುಮ್ನೆ ಬಿಡಬೇಡಿ. 2021ರ ನವೆಂಬರ್ 30, ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲ್. ಬೆಳಿಗ್ಗೆ ಟೀಚರ್ ಕಣ್ಣಿಗೆ ಇಂಥದ್ದೇ ಚಿತ್ರ ಬಿತ್ತು. ಸಹಾಯ ಮಾಡಿ ಅಂತಲೂ ಹುಡುಗ ಬರೆದಿದ್ದ. ಅಪ್ಪ ಅಮ್ಮನನ್ನು ಕರೆಸಿದರು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ಶಾಲೆಯವರು ಬ್ಯಾಗ್ ತೆರೆದು ನೋಡಲಿಲ್ಲ. ಪಿಸ್ತೂಲು ಬ್ಯಾಗಿನಲ್ಲೇ ಇತ್ತು. ನಾಲ್ಕು ದಿನ ಮೊದಲು ಅಪ್ಪನೇ ಕೊಂಡಿದ್ದ. ಅವತ್ತು ನಾಲ್ಕು ಮಕ್ಕಳ ಪ್ರಾಣ ಹೋಯಿತು. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ 10ರಿಂದ 15 ವರ್ಷ ಜೈಲಾಯಿತು. ನಮ್ಮಲ್ಲಿ ಆಗುವುದಿಲ್ಲ ಅನ್ನಬೇಡಿ. 2007ರಲ್ಲಿ ಗುರುಗ್ರಾಮದ ಶಾಲೆಯಲ್ಲಿ ಎಂಟನೇ ಕ್ಲಾಸಿನ ಹುಡುಗ ಸತ್ತಿದ್ದು ಸಹಪಾಠಿಯ ಅಪ್ಪನ ಪಿಸ್ತೂಲಿನಿಂದ.

ಚಿತ್ರ ಬರೆದವರೆಲ್ಲ ಕೊಲ್ಲುವುದಿಲ್ಲ, ನಿಜ. ಆದರೆ ಇಲ್ಲಿ ಹೆಸರುಗಳಿವೆ, ಕೈಗೆ ಸಿಗುವ ಕೋವಿಯೂ ಇದೆ. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ ಬೀಗದಲ್ಲಿರಲಿ. ಕೀಲಿ ಎಲ್ಲಿದೆ ಅಂತ ಅವನಿಗೆ ಗೊತ್ತಾಗಬಾರದು. ಈ ರಜೆಗೆ ಅಲ್ಲಿಗೆ ಕಳಿಸದಿದ್ದರೆ ಇನ್ನೂ ಒಳ್ಳೆಯದು. ಆ ಮೂವರು ಇವನಿಗೆ ಏನು ಮಾಡಿದರು ಅಂತ ಯಾರಾದರೂ ಕೇಳಿದ್ದಾರಾ? ಬೈಯದೆ ಕೇಳಿ. ಸಾಯುವ ಯೋಚನೆ ಇದೆಯಾ ಅಂತಲೂ ನೇರವಾಗಿ ಕೇಳಿ. ಸ್ಕೂಲಿಗೆ ಬರವಣಿಗೆಯಲ್ಲಿ ಕೊಡಿ, ಆ ಮೂವರ ಮನೆಗೂ ಅವರು ತಿಳಿಸಲೇಬೇಕು. ನನ್ನ ಹತ್ತಿರವೋ ನಿಮ್ಹಾನ್ಸ್‌ಗೋ ಈ ವಾರವೇ ಕರೆತನ್ನಿ. ರಾತ್ರಿ ಏನಾದರೂ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ಡಿ-501: ಫಾರ್ವರ್ಡೆಡ್: ಬ್ರಾಹ್ಮಿ ಎಣ್ಣೆ, ಬಾದಾಮಿ ಹಾಲು, ಅರ್ಧ ನಿದ್ದೆ ಗುಳಿಗೆ. 21 ದಿನದಲ್ಲಿ ಮಕ್ಕಳ ಕೋಪ ಮಾಯ 🙏

ಡಾಕ್ಟರ್: ಗುಳಿಗೆ ಕೊಡಲೇಬೇಡಿ. ದೊಡ್ಡವರ ನಿದ್ದೆ ಗುಳಿಗೆಯಿಂದ ಮಗುವಿನ ಉಸಿರಾಟವೇ ಕಡಿಮೆಯಾಗಬಹುದು. ಎಣ್ಣೆ ಬೇಕಾದರೆ ಹಚ್ಚಿ, ಅದರಿಂದ ಕೋವಿ ಇಟ್ಟ ಬೀರುವಿಗೆ ಬೀಗ ಬೀಳುವುದಿಲ್ಲ. ಇದನ್ನು ಡಿಲೀಟ್ ಮಾಡಿ.

ಬಿ-407: ಕೊಡಗಿನವರೆಲ್ಲ ಕೊಲೆಗಾರರಾ? ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಪೂಜೆ ಮಾಡುವವರು ನಾವು. ನಮಗೆ ಲೈಸೆನ್ಸಿನಿಂದ ವಿನಾಯಿತಿ ಇದೆ.

ಎ-118: ವಿನಾಯಿತಿ ಲೈಸೆನ್ಸಿಗೆ ಸ್ವಾಮಿ, ಬೀಗಕ್ಕಲ್ಲ.

ಬಿ-407: ನೀವು ಕೋವಿ ಮುಟ್ಟಿದ್ದೀರಾ?

ಎಫ್-006: 2023ರಲ್ಲಿ ಬೆಂಗಳೂರಿನ ಶಾಲೆಗಳಿಗೆ ಬಾಂಬ್ ಬೆದರಿಕೆ ಇಮೇಲ್ ಬಂದ ದಿನದಿಂದ ಮಗಳು ಸ್ಕೂಲ್ ಅಂದರೆ ಹೆದರುತ್ತಾಳೆ. ಏನು ಮಾಡಲಿ?

ಎ-118: ತಪ್ಪು ಸ್ಕೂಲಿನದು. ಲಕ್ಷಗಟ್ಟಲೆ ಫೀಸು, ಒಬ್ಬ ಕೌನ್ಸೆಲರ್ ಇಲ್ಲ.

ಇ-203: ನಾನೂ ಟೀಚರ್. 2022ರಲ್ಲಿ ಬೆಂಗಳೂರಿನ ಶಾಲೆಗಳಲ್ಲಿ ಬ್ಯಾಗ್ ಚೆಕ್ ಮಾಡಿದಾಗ ಪ್ರೈವಸಿ ಅಂತ ಕೂಗಾಡಿದ್ದು ಯಾರು? ನಿಮ್ಮಂಥ ಪೇರೆಂಟ್ಸೇ.

ಎ-118: ‘ನಿಮ್ಮಂಥ’ ಅಂದರೆ?

ಎ-215: ಪಬ್‌ಜಿ ಬ್ಯಾನ್ ಮಾಡಿದರೆ ಸರಿಹೋಗುತ್ತಲ್ವಾ ಮೇಡಂ?

ಡಾಕ್ಟರ್: ಮೇಲೆ ಹೇಳಿದ್ದೇನೆ. ಓದಿ.

ಡಿ-501: ಬಾದಾಮಿಯಲ್ಲಿ ಕೆಟ್ಟದ್ದೇನಿದೆ?

ಬಿ-407 ಗ್ರೂಪ್ ತೊರೆದಿದ್ದಾರೆ.

ಸಿ-110: ಭಾವ ಫೋನ್ ತೆಗೆಯುತ್ತಿಲ್ಲ ಡಾಕ್ಟರ್.

ಡಾಕ್ಟರ್: ಅಕ್ಕನಿಗೆ ಮಾಡಿ. ತೋಟದಲ್ಲಿರುವ ಹಿರಿಯರಿಗೂ ಮಾಡಿ. ಉಳಿದವರು ಜಗಳವಾಡಿಕೊಳ್ಳಿ, ನೀವು ಈಗಲೇ ನನಗೆ ಬೇರೆ ಮೆಸೇಜ್ ಹಾಕಿ.